ನೀರಿಗೆ ಎರಡು ಹೆಸರು: ಜಾವಾ ನುಡಿಯ ಪಾನೀಯಗಳು

ಹೊಸದೊಂದು ಭಾಷೆಯನ್ನು ಕಲಿಯತೊಡಗಿದವರು ಮೊದಮೊದಲು ತಿಳಿಯಬಯಸುವ ಮಾತುಗಳಲ್ಲಿ 'ನೀರು' ಎಂಬುದೂ ಒಂದು. ಬಾಯಾರಿಕೆಯು ವ್ಯಾಕರಣಕ್ಕಾಗಿ ಕಾಯುವುದಿಲ್ಲವಷ್ಟೆ. ಬಹುತೇಕ ಭಾಷೆಗಳಲ್ಲಿ ಈ ಕೆಲಸ ಸುಲಭ. ಒಂದು ನಾಮಪದ, ಒಂದು ಕ್ರಿಯಾಪದ, ಇವೆರಡನ್ನು ಕಲಿತರೆ ಲೋಟ ಕೈಗೆ ಬರುತ್ತದೆ. ಆದರೆ ಜಾವಾ ಭಾಷೆಯನ್ನು ಕಲಿಯಹೊರಟವನಿಗೆ ಈ ಮೊದಲ ಹೆಜ್ಜೆಯಲ್ಲಿಯೇ ತೊಡಕು ಎದುರಾಗುತ್ತದೆ. "ನೀರಿಗೆ ಏನೆನ್ನುತ್ತಾರೆ?" ಎಂದು ಅವನು ಕೇಳಿದರೆ, ಉತ್ತರಕ್ಕೆ ಮೊದಲು "ಯಾರ ಮುಂದೆ?" ಎಂಬ ಮರುಪ್ರಶ್ನೆ ಬರುತ್ತದೆ.

ಈ ಮರುಪ್ರಶ್ನೆಯ ಅರ್ಥವೇನು, ಆ ನಾಡಿನ ಜನ ಏನನ್ನು ಕುಡಿಯುತ್ತಾರೆ, ಹೇಗೆ ಕುಡಿಯುತ್ತಾರೆ, ಆ ಪಾನೀಯಗಳ ಹೆಸರುಗಳಲ್ಲಿ ಎಂತಹ ಚರಿತ್ರೆ ಅಡಗಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ನಾವು ಭಾಷಾವಿಜ್ಞಾನಿಗಳಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೂ ಲೋಟದೊಳಗಣ ದ್ರವದಲ್ಲಿ ನಮ್ಮ ಶಾಸ್ತ್ರಕ್ಕೂ ಸ್ವಲ್ಪ ಪಾಲುಂಟು.

ಮಾತಿನ ಅಂತಸ್ತುಗಳು

ಜಾವಾ ದ್ವೀಪವು ಇಂಡೊನೇಷಿಯಾ ಗಣರಾಜ್ಯಕ್ಕೆ ಸೇರಿದುದು. ದ್ವೀಪದ ನಡುಭಾಗದಲ್ಲಿಯೂ ಪೂರ್ವಭಾಗದಲ್ಲಿಯೂ ಜಾವಾ ಭಾಷೆ ಜನರ ಮನೆಮಾತಾಗಿದೆ. ಪಶ್ಚಿಮದಲ್ಲಿ ಸುಂದಾ ಎಂಬ ಬೇರೊಂದು ಭಾಷೆ ಬಳಕೆಯಲ್ಲಿದೆ. ಜಾವಾ ಭಾಷೆಯನ್ನಾಡುವವರು ಆರೂವರೆ ಕೋಟಿಗೂ ಮಿಕ್ಕಿದ್ದಾರೆ. ಕನ್ನಡವನ್ನು ತಾಯ್ನುಡಿಯಾಗಿ ಉಳ್ಳವರ ಸಂಖ್ಯೆಗಿಂತ ಇದು ಹೆಚ್ಚು. ಇಷ್ಟಾದರೂ ಅದು ಆ ದೇಶದ ರಾಷ್ಟ್ರಭಾಷೆಯಲ್ಲ. 1928ರಲ್ಲಿ ತರುಣರ ಸಮ್ಮೇಳನವು ಕೈಗೊಂಡ ಪ್ರತಿಜ್ಞೆಯಲ್ಲಿ, ಮಲಯ ಭಾಷೆಯಿಂದ ಬೆಳೆದ ಇಂಡೊನೇಷಿಯನ್ ಭಾಷೆಯು ಐಕ್ಯದ ನುಡಿಯೆಂದು ಅಂಗೀಕೃತವಾಯಿತು. 1945ರ ಸಂವಿಧಾನವು ಅದನ್ನೇ ರಾಷ್ಟ್ರಭಾಷೆಯಾಗಿ ಸ್ಥಿರಪಡಿಸಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದರ ಪ್ರಯೋಜನವುಂಟು.

ಜಾವಾ ಭಾಷೆಯಲ್ಲಿ ಮಾತಿಗೆ ಅಂತಸ್ತುಗಳಿವೆ. ಗೆಳೆಯರೊಡನೆ, ಕಿರಿಯರೊಡನೆ, ತನ್ನಷ್ಟಕ್ಕೆ ತಾನು ಆಡಿಕೊಳ್ಳುವಾಗ ಬಳಸುವ ನುಡಿಗೆ 'ಙೊಕೊ' ಎಂದು ಹೆಸರು. ಹಿರಿಯರೊಡನೆಯೂ ಅಪರಿಚಿತರೊಡನೆಯೂ ಬಳಸುವ ವಿನಯದ ನುಡಿಗೆ 'ಕ್ರಮ' ಎಂದು ಹೆಸರು. ಇದು ನಮಗೆಲ್ಲ ಪರಿಚಿತವಾದ ಸಂಸ್ಕೃತದ 'ಕ್ರಮ' ಶಬ್ದವೇ ಹೌದು. ಇವೆರಡರ ನಡುವಣದು 'ಮದ್ಯ', ಎಂದರೆ ಸಂಸ್ಕೃತದ 'ಮಧ್ಯ'. ಪಾನೀಯಗಳ ಪ್ರಸ್ತಾಪದಲ್ಲಿ ಈ ಹೆಸರು ಬಂದುದರಿಂದ ಯಾರೂ ಬೇರೆ ಅರ್ಥ ಮಾಡಬಾರದು. ಇವುಗಳ ಮೇಲೆ 'ಕ್ರಮ ಇಂಗ್ಗಿಲ್' ಎಂಬ ಕೆಲವು ನೂರು ಶಬ್ದಗಳ ಒಂದು ಗುಂಪಿದೆ. 'ಇಂಗ್ಗಿಲ್' ಎಂದರೆ ಉನ್ನತ. ಗೌರವಕ್ಕೆ ಪಾತ್ರರಾದವರ ದೇಹ, ಅವರ ವಸ್ತುಗಳು, ಅವರು ಮಾಡುವ ಕೆಲಸಗಳು, ಇವುಗಳನ್ನು ಹೇಳುವಾಗ ಮಾತ್ರ ಈ ಶಬ್ದಗಳು ಬರುತ್ತವೆ.

ಅಂತಸ್ತು ಬದಲಾದಾಗ ಬದಲಾಗುವುದು ಕೇವಲ ಕ್ರಿಯಾಪದದ ಪ್ರತ್ಯಯವಲ್ಲ, ಶಬ್ದವೇ ಬೇರೆಯಾಗುತ್ತದೆ. ಙೊಕೊದಲ್ಲಿ ನೀರು 'ಬಞು'. ಕ್ರಮದಲ್ಲಿ ಅದು 'ತೊಯ'. ಸಕ್ಕರೆ ಙೊಕೊದಲ್ಲಿ 'ಗುಲ', ಕ್ರಮದಲ್ಲಿ 'ಗೆಂಡಿಸ್'. ಅನ್ನ 'ಸೆಗ'; ವಿನಯದ ಮಾತಿನಲ್ಲಿ 'ಸೆಕುಲ್'. ಬಿಳುಪು 'ಪುತಿಹ್', ವಿನಯದಲ್ಲಿ 'ಪೆಟಕ್'. ಕುದಿಸಿ ಆರಿಸಿದ ಬರಿಯ ಕುಡಿಯುವ ನೀರನ್ನು ಜಾವಾದವರು 'ಬಿಳಿಯ ನೀರು' ಎನ್ನುತ್ತಾರೆ. ಆದುದರಿಂದ ಗೆಳೆಯನ ಮನೆಯಲ್ಲಿ 'ಬಞು ಪುತಿಹ್' ಕೇಳಿದವನು ಗುರುಗಳ ಮನೆಯಲ್ಲಿ 'ತೊಯ ಪೆಟಕ್' ಕೇಳಬೇಕು. ನೀರು ಬಣ್ಣವಿಲ್ಲದ ದ್ರವ, ಬಿಳಿಯದಲ್ಲ ಎಂದು ಭೌತವಿಜ್ಞಾನಿ ಆಕ್ಷೇಪಿಸಬಹುದು. ಆದರೆ ಚಹ, ಕಾಫಿಗಳ ಬಣ್ಣ ಇದಕ್ಕೆ ಸೋಕಿಲ್ಲ ಎಂಬುದಷ್ಟೇ ಇಲ್ಲಿಯ ಅರ್ಥ.

ಈಗ ಒಂದು ಇಡೀ ವಾಕ್ಯವನ್ನು ನೋಡೋಣ. "ನೀನು ಏನು ಕುಡಿಯುತ್ತೀಯೆ?" ಎಂದು ಗೆಳೆಯನನ್ನು ಕೇಳುವುದು "ಕೊವೆ ಅರೆಪ್ ಙೊಂಬೆ ಒಪೊ?" ಎಂದು. ಇದೇ ಪ್ರಶ್ನೆಯನ್ನು ಹಿರಿಯರಿಗೆ ಹಾಕುವಾಗ "ಪಂಜೆನೆಙನ್ ಬಡೆ ಙುಂಜುಕ್ ಮೆನೊಪೊ?" ಎನ್ನಬೇಕು. ಅರ್ಥ ಒಂದೇ. ಒಂದರಲ್ಲಿ ನಾಲ್ಕು ಶಬ್ದ, ಇನ್ನೊಂದರಲ್ಲಿಯೂ ನಾಲ್ಕು ಶಬ್ದ. ಆದರೆ ಎರಡಕ್ಕೂ ಸಾಮಾನ್ಯವಾದ ಶಬ್ದ ಒಂದೂ ಇಲ್ಲ!

ಇಲ್ಲಿಯೇ ಕಲಿಯುವವನು ಎಚ್ಚರದಿಂದಿರಬೇಕಾದ ಒಂದು ನಿಯಮವಿದೆ. ಕುಡಿಯುವುದಕ್ಕೆ ಸಾಧಾರಣ ಶಬ್ದ 'ಙೊಂಬೆ'. ಗೌರವದ ಶಬ್ದ 'ಙುಂಜುಕ್'. ಎರಡನೆಯದು ಹೆಚ್ಚು ಸಭ್ಯವಾದುದೆಂದು ಭಾವಿಸಿ ಅದನ್ನು ತನಗೇ ಹಚ್ಚಿಕೊಂಡರೆ ಕೇಳಿದವರು ನಗುತ್ತಾರೆ. ವಿನಯದ ನುಡಿಯನ್ನಾಡುವಾಗಲೂ ತಾನು ಕುಡಿಯುವುದು 'ಙೊಂಬೆ'ಯೇ. 'ಙುಂಜುಕ್' ಎಂಬುದು ಇತರರಿಗೆ ಸಲ್ಲತಕ್ಕದ್ದು. ಕನ್ನಡಿಗರಿಗೆ ಇದು ತೀರ ಹೊಸತಲ್ಲ. "ತಾವು ದಯಮಾಡಿಸಿದಿರಿ" ಎನ್ನುತ್ತೇವೆಯೇ ಹೊರತು "ನಾನು ದಯಮಾಡಿಸಿದೆ" ಎನ್ನುವುದುಂಟೆ? ಸ್ವಾಮಿಗಳದು 'ಆರೋಗಣೆ', ನಮ್ಮದು ಊಟ. ನಮ್ಮಲ್ಲಿ ಕೆಲವೇ ಶಬ್ದಗಳಿಗೆ ಸೀಮಿತವಾದ ಈ ಪದ್ಧತಿಯನ್ನು ಜಾವಾ ಭಾಷೆಯು ದಿನಬಳಕೆಯ ಮಾತಿಗೆಲ್ಲ ವಿಸ್ತರಿಸಿದೆ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದನ್ನು ಬೇರೊಂದು ಬಗೆಯಲ್ಲಿ ಹೇಳಬಹುದು. ಓಡುವ ರೈಲಿನಲ್ಲಿ ಕುಳಿತವನ ವೇಗವೆಷ್ಟು ಎಂದು ಕೇಳಿದರೆ, ಯಾವುದಕ್ಕೆ ಸಾಪೇಕ್ಷವಾಗಿ ಎಂದು ತಿಳಿಸದ ಹೊರತು ಉತ್ತರ ಕೊಡಲಾಗದು. ಪಕ್ಕದವನಿಗೆ ಅವನು ನಿಶ್ಚಲ; ನಿಲ್ದಾಣದಲ್ಲಿ ನಿಂತವನಿಗೆ ಚಲಿಸುತ್ತಿರುವವನು. ಜಾವಾ ಭಾಷೆಯ ವಾಕ್ಯವೂ ಹಾಗೆಯೇ. ಆಡುವವನು ಯಾರು, ಕೇಳುವವನು ಯಾರು, ಮಾತಿನಲ್ಲಿ ಪ್ರಸ್ತಾಪಗೊಂಡವನು ಯಾರು, ಈ ಮೂರನ್ನು ಗೊತ್ತುಮಾಡಿಕೊಳ್ಳದೆ ಒಂದು ಲೋಟ ನೀರನ್ನು ಕೂಡ ಹೆಸರಿಸುವಂತಿಲ್ಲ.

ಙಕಾರ, ಞಕಾರಗಳ ಸಾರ್ಥಕತೆ

ಕನ್ನಡ ವರ್ಣಮಾಲೆಯನ್ನು ಕಲಿಯುವ ಮಗು 'ಙ' ಮತ್ತು 'ಞ' ಎಂಬ ಎರಡು ಅಕ್ಷರಗಳನ್ನು ಬಾಯಿಪಾಠ ಮಾಡುತ್ತದೆ. ಬಳಿಕ ಬಹುಮಟ್ಟಿಗೆ ಅವುಗಳನ್ನು ಮರೆಯುತ್ತದೆ. ಜಾವಾ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯತೊಡಗಿದರೆ ಈ ಅಕ್ಷರಗಳಿಗೆ ಕೈತುಂಬ ಕೆಲಸ. 'ಙೊಂಬೆ', 'ಙುಂಜುಕ್' ಎಂಬಲ್ಲಿ ಙಕಾರವು ಶಬ್ದದ ಮೊದಲಲ್ಲಿಯೇ ನಿಂತಿದೆ. 'ಬಞು' ಎಂಬಲ್ಲಿ ಞಕಾರ ನಡುವಿದೆ.

ಈ ಅನುನಾಸಿಕಗಳು ಸುಮ್ಮನೆ ಬಂದವಲ್ಲ. ನಾಮಪದವೊಂದರ ಮೊದಲ ಧ್ವನಿಯನ್ನು ಅನುನಾಸಿಕವಾಗಿ ಮಾರ್ಪಡಿಸಿದರೆ ಅದು ಕ್ರಿಯಾಪದವಾಗುತ್ತದೆ. 'ಕೊಪಿ' ಎಂದರೆ ಕಾಫಿ. 'ಙೊಪಿ' ಎಂದರೆ ಕಾಫಿ ಕುಡಿಯುವುದು. 'ತೆಹ್' ಎಂದರೆ ಚಹ. 'ಙೆತೆಹ್' ಎಂದರೆ ಚಹ ಕುಡಿಯುವುದು. ಬಿಸಿ ಪಾನೀಯಗಳಿಗೆಲ್ಲ 'ವೇದಙ್' ಎಂಬ ಸಾಮಾನ್ಯ ಹೆಸರಿದೆ. ಅದನ್ನು ಕುಡಿಯುವುದು 'ಮೇದಙ್'. ನಮ್ಮ ವೇದಗಳಿಗೂ ಈ ವೇದಙ್‌ಗೂ ಯಾವ ಸಂಬಂಧವೂ ಇಲ್ಲ. ಇಂತಹ ಒಂದು ನಿಯಮವನ್ನು ಕಲಿತವನಿಗೆ ಹತ್ತಾರು ಕ್ರಿಯಾಪದಗಳು ಪುಕ್ಕಟೆಯಾಗಿ ದೊರೆಯುತ್ತವೆ.

ಕನ್ನಡಿಗನಿಗೆ ಇನ್ನೊಂದು ಅನುಕೂಲವೂ ಇದೆ. ನಮ್ಮಲ್ಲಿರುವಂತೆ ಜಾವಾ ಭಾಷೆಯಲ್ಲಿಯೂ ದಕಾರ ಬೇರೆ, ಡಕಾರ ಬೇರೆ. ತಕಾರ ಬೇರೆ, ಟಕಾರ ಬೇರೆ. 'ವೆದಿ' ಎಂದರೆ ಹೆದರಿಕೆ, 'ವೆಡಿ' ಎಂದರೆ ಮರಳು. 'ಮೆಂದೆಮ್' ಎಂದರೆ ಅಮಲೇರುವುದು, 'ಮೆಂಡೆಮ್' ಎಂದರೆ ಹೂಳುವುದು. ಯುರೋಪಿನಿಂದ ಬಂದವರು ಇವುಗಳನ್ನು ಬೇರ್ಪಡಿಸಲು ತಿಂಗಳುಗಟ್ಟಲೆ ತಿಣುಕುತ್ತಾರೆ. ನಮ್ಮ ನಾಲಗೆಗೆ ಅದು ಬಾಲ್ಯದಿಂದಲೇ ಸಿದ್ಧಿಸಿದೆ. ಆದರೆ ಒಂದನ್ನು ಮಾತ್ರ ಹೊಸತಾಗಿ ಕಲಿಯಬೇಕು: ಶಬ್ದದ ಕೊನೆಯ ಅಕಾರವು ಬಾಯಲ್ಲಿ ಒಕಾರದಂತೆ ಕೇಳಿಸುತ್ತದೆ. 'ಗುಲ' ಎಂಬುದು 'ಗುಲೊ' ಆಗುತ್ತದೆ, 'ತೊಯ' ಎಂಬುದು 'ತೊಯೊ' ಆಗುತ್ತದೆ.

'ತೊಯ'ವನ್ನು ನಮ್ಮ ಓದುಗರು ಆಗಲೇ ಗುರುತಿಸಿರಬಹುದು. ಅದು ಸಂಸ್ಕೃತದ 'ತೋಯ'. ತಾವರೆಗೆ 'ತೋಯಜ' ಎಂದೂ ಕಡಲಿಗೆ 'ತೋಯಧಿ' ಎಂದೂ ಹಳೆಯ ಕಾವ್ಯಗಳಲ್ಲಿ ಹೆಸರುಂಟಷ್ಟೆ. ಸಾವಿರ ವರ್ಷಗಳಿಗೂ ಹಿಂದೆ ಸಂಸ್ಕೃತವು ಜಾವಾದ ಅರಮನೆಗಳನ್ನೂ ಮಠಗಳನ್ನೂ ತಲುಪಿತು. ಅಲ್ಲಿ ನೆಲೆಸಿದ ಶಬ್ದಗಳಲ್ಲಿ ಕೆಲವು ಕಾಲಾನಂತರದಲ್ಲಿ ವಿನಯದ ನುಡಿಯ ಭಾಗವಾದವು. ನಮ್ಮಲ್ಲಿ ಪಂಡಿತರ ನಿಘಂಟಿನಲ್ಲಿ ಉಳಿದ 'ತೋಯ'ವು ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತೆಗೆ ನೀರು ಬೇಕೆ ಎಂದು ಕೇಳುವ ಸೊಸೆಯ ಬಾಯಲ್ಲಿ ಜೀವಿಸಿತು. ಚಹಕ್ಕೆ ಪರಿಮಳ ಕೊಡುವ ಮಲ್ಲಿಗೆಯ ಜಾತಿಯ ಹೂವಿಗೆ ಅಲ್ಲಿ 'ಮ್ಲಾತಿ' ಎನ್ನುತ್ತಾರೆ. ಅದು ನಮ್ಮ 'ಮಾಲತಿ'.

ಅತಿಥಿಯ ಮುಂದಣ ಲೋಟ

ಜೋಗ್ಯಕಾರ್ತ ನಗರದ ಒಂದು ಮನೆಗೆ ನಾವು ಅತಿಥಿಗಳಾಗಿ ಹೋದೆವೆಂದು ಭಾವಿಸೋಣ. ಕುಳಿತು ಸ್ವಲ್ಪ ಹೊತ್ತಿಗೆ ಚಹ ಬರುತ್ತದೆ. ಲೋಟದ ಮೇಲೊಂದು ಮುಚ್ಚಳವಿರುವುದುಂಟು. ಚಹ ಮುಂದೆ ಬಂದ ಮಾತ್ರಕ್ಕೆ ಲೋಟಕ್ಕೆ ಕೈಹಾಕುವುದು ಮರ್ಯಾದೆಯಲ್ಲ. ಮಾತುಕತೆ ಸಾಗುತ್ತದೆ, ಲೋಟ ಹಾಗೆಯೇ ಇರುತ್ತದೆ. ಕೊನೆಗೆ ಮನೆಯವರು "ಮೊಂಗ್ಗೊ, ದಿಪುನುಂಜುಕ್" ಎನ್ನುತ್ತಾರೆ. "ದಯವಿಟ್ಟು ಸ್ವೀಕರಿಸಬೇಕು" ಎಂದು ಇದರ ತಾತ್ಪರ್ಯ. ಈ ಮಾತು ಬಂದ ಬಳಿಕವೇ ಮುಚ್ಚಳ ತೆಗೆಯತಕ್ಕದ್ದು.

ಮುಚ್ಚಳದ ಉಪಯೋಗವನ್ನು ಇಲ್ಲಿ ಗಮನಿಸಬೇಕು. ತೆರೆದ ಲೋಟದಲ್ಲಿರುವ ಬಿಸಿ ದ್ರವವು ಶಾಖವನ್ನು ಕಳೆದುಕೊಳ್ಳುವ ದಾರಿಗಳಲ್ಲಿ ಮೇಲ್ಮೈಯಿಂದ ಆವಿಯಾಗುವುದು ಮುಖ್ಯವಾದುದು. ಮುಚ್ಚಳ ಹಾಕಿದರೆ ಆವಿ ಒಳಗೇ ತುಂಬಿಕೊಂಡು, ಮುಂದಣ ಆವಿಯಾಗುವಿಕೆ ಕುಂಠಿತವಾಗುತ್ತದೆ. ನೊಣವನ್ನು ತಡೆಯುವ ಮುಚ್ಚಳವೇ ಶಾಖವನ್ನೂ ತಡೆಯುತ್ತದೆ. ಅತಿಥಿಯು ಕಾಯಬೇಕೆಂಬ ಶಿಷ್ಟಾಚಾರವೂ ಚಹ ಬಿಸಿಯಾಗಿರಬೇಕೆಂಬ ಅಪೇಕ್ಷೆಯೂ ಈ ಚಿಕ್ಕ ಸಾಧನದಿಂದ ಒಟ್ಟಿಗೆ ಸಾಗುತ್ತವೆ.

ಒಳ್ಳೆಯ ಚಹಕ್ಕೆ ಜಾವಾದವರು ಒಂದೇ ಶಬ್ದದಲ್ಲಿ ಲಕ್ಷಣ ಹೇಳುತ್ತಾರೆ: 'ನಸ್‌ಗಿಟೆಲ್'. 'ಪನಸ್' ಎಂದರೆ ಬಿಸಿ, 'ಲೆಗಿ' ಎಂದರೆ ಸಿಹಿ, 'ಕೆಂಟೆಲ್' ಎಂದರೆ ಗಟ್ಟಿ. ಮೂರು ಶಬ್ದಗಳ ತುದಿಗಳನ್ನು ಜೋಡಿಸಿ ಇದನ್ನು ಕಟ್ಟಿದ್ದಾರೆ. ಉತ್ತರ ಕರಾವಳಿಯ ತೆಗಲ್ ಎಂಬ ಊರಿನಲ್ಲಿ ಚಹವನ್ನು 'ಪೊಚಿ' ಎಂಬ ಮಣ್ಣಿನ ಪಾತ್ರೆಯಲ್ಲಿ ನೆನೆಹಾಕಿ, ಕಲ್ಲುಸಕ್ಕರೆಯಿರುವ ಬಟ್ಟಲಿಗೆ ಬಗ್ಗಿಸುತ್ತಾರೆ. ಅದನ್ನು ಕಲಕಬಾರದೆಂಬುದು ಅಲ್ಲಿಯ ಪದ್ಧತಿ. ಮೊದಲ ಗುಟುಕು ಒಗರು, ಬರಬರುತ್ತ ಸಿಹಿ. ಇದರ ಕಾರಣ ಸ್ಪಷ್ಟವಾಗಿದೆ. ಕರಗಿದ ಸಕ್ಕರೆಯ ದ್ರಾವಣವು ಚಹಕ್ಕಿಂತ ಸಾಂದ್ರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಅಣುಗಳು ತಾವಾಗಿ ವಿಸರಣಗೊಂಡು ಮೇಲಕ್ಕೆ ಹರಡಬೇಕಾದರೆ, ಐದು ಸೆಂಟಿಮೀಟರ್ ಎತ್ತರಕ್ಕೂ ವಾರಗಳೇ ಬೇಕಾಗುತ್ತವೆ. ಚಮಚವೊಂದು ಕೆಲವೇ ಕ್ಷಣಗಳಲ್ಲಿ ಮಾಡುವ ಕೆಲಸವದು. ತೆಗಲ್‌ನವರು ಚಮಚವನ್ನು ಬದಿಗಿಟ್ಟು, ಒಂದೇ ಬಟ್ಟಲಿನಲ್ಲಿ ಹಲವು ರುಚಿಗಳನ್ನು ಪಡೆಯುತ್ತಾರೆ.

ಚಹ, ಕಾಫಿಗಳ ಪ್ರವಾಸ

ನೀರಿಗೂ ಸಕ್ಕರೆಗೂ ಎರಡೆರಡು ಹೆಸರುಗಳಿದ್ದರೂ ಚಹ, ಕಾಫಿಗಳಿಗೆ ಜಾವಾ ಭಾಷೆಯ ಎಲ್ಲ ಅಂತಸ್ತುಗಳಲ್ಲಿಯೂ ಒಂದೇ ಹೆಸರು. "ಕುಲೊ ಞುವುನ್ ತೆಹ್ ಕೆಮಾವೊನ್", ಎಂದರೆ "ನನಗೆ ಚಹ ಸಾಕು, ಅಷ್ಟನ್ನೇ ಬೇಡುತ್ತೇನೆ" ಎಂದು ಅತ್ಯಂತ ವಿನಯದಿಂದ ಹೇಳುವಾಗಲೂ 'ತೆಹ್' ತನ್ನ ರೂಪ ಬದಲಿಸುವುದಿಲ್ಲ. ಇವು ತಡವಾಗಿ ಬಂದ ಅತಿಥಿಗಳು. ಚೀನದ ಫೂಜಿಯನ್ ಪ್ರಾಂತದ ಹೊಕ್ಕಿಯನ್ ನುಡಿಯಲ್ಲಿ ಚಹಕ್ಕೆ 'ತೆ' ಎಂದು ಹೆಸರು. ಜಾವಾದ 'ತೆಹ್' ಅಲ್ಲಿಂದ ಬಂದುದು. ಡಚ್ಚರ ಮೂಲಕ ಯುರೋಪನ್ನು ಸೇರಿದ 'ಟೀ' ಶಬ್ದಕ್ಕೂ ಅದೇ ಮೂಲ. ಗಿಡವು ಜಪಾನಿನಿಂದ ಬಂದ ಬೀಜಗಳ ರೂಪದಲ್ಲಿ ಜಾವಾದ ಮಣ್ಣನ್ನು ಸೇರಿತು.

ಕಾಫಿಯ ಕಥೆ ನಮಗೆ ಇನ್ನೂ ಹತ್ತಿರದ್ದು. 1696ರಲ್ಲಿ ಡಚ್ ಕಂಪನಿಯವರು ಭಾರತದ ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಬಟೇವಿಯಾಕ್ಕೆ, ಎಂದರೆ ಇಂದಿನ ಜಕಾರ್ತಕ್ಕೆ, ತರಿಸಿದರು. ಅವು ನೆರೆಗೆ ಸಿಕ್ಕಿ ಹಾಳಾದವು. 1699ರಲ್ಲಿ ಮಲಬಾರಿನಿಂದಲೇ ಮತ್ತೆ ತರಿಸಿದ ಸಸಿಗಳು ಬೇರೂರಿದವು. ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ನೆಟ್ಟರೆಂದು ಬಾಬಾಬುಡನ್ ಅವರ ವಿಷಯವಾಗಿ ನಮ್ಮಲ್ಲಿ ಪ್ರಚಲಿತವಾಗಿರುವ ಐತಿಹ್ಯವನ್ನು ಬಲ್ಲವರಿಗೆ, ಜಾವಾದ ಕಾಫಿಯೂ ಇದೇ ಪಶ್ಚಿಮ ಕರಾವಳಿಯಿಂದ ಹೊರಟಿತೆಂಬುದು ಕುತೂಹಲದ ಸಂಗತಿ. ಡಚ್ಚರ 'ಕೊಫಿ' ಜಾವಾದವರ ಬಾಯಲ್ಲಿ 'ಕೊಪಿ' ಆಯಿತು. ಅವರ ಭಾಷೆಯಲ್ಲಿ ಮೂಲತಃ ಫಕಾರವಿಲ್ಲ. ನಮ್ಮ ಹಳ್ಳಿಗಳಲ್ಲಿ 'ಕಾಪಿ' ಎನ್ನುವುದು ಕೂಡ ಇದೇ ಧ್ವನಿನಿಯಮದ ಫಲ.

ಆದರೆ ಈ ಬೆಳೆಯ ಚರಿತ್ರೆ ಸಿಹಿಯಾದುದಲ್ಲ. 1830ರಿಂದ ಡಚ್ ಸರ್ಕಾರವು ಜಾರಿಗೆ ತಂದ ಕಡ್ಡಾಯ ಬೇಸಾಯದ ವ್ಯವಸ್ಥೆಯಲ್ಲಿ ಜಾವಾದ ರೈತರು ಸರ್ಕಾರಕ್ಕಾಗಿ ಕಾಫಿ, ಕಬ್ಬು, ನೀಲಿ ಮುಂತಾದುವನ್ನು ಬೆಳೆದುಕೊಡಬೇಕಾಯಿತು. ಲಾಭ ಹಾಲೆಂಡಿಗೆ ಸಲ್ಲುತ್ತಿತ್ತು. 1860ರಲ್ಲಿ 'ಮುಲ್ತತುಲಿ' ಎಂಬ ಕಾವ್ಯನಾಮದಿಂದ ಪ್ರಕಟವಾದ 'ಮಾಕ್ಸ್ ಹಾವೆಲಾರ್' ಎಂಬ ಡಚ್ ಕಾದಂಬರಿಯು ವಸಾಹತು ಆಡಳಿತದ ಅನ್ಯಾಯಗಳನ್ನು ಯುರೋಪಿನ ಓದುಗರ ಮುಂದಿಟ್ಟಿತು.

ಇಂದು ಜಾವಾದಲ್ಲಿ ಸಾಮಾನ್ಯವಾದ ಕಾಫಿಯು 'ಕೊಪಿ ತುಬ್ರುಕ್'. 'ತುಬ್ರುಕ್' ಎಂದರೆ ಢಿಕ್ಕಿ. ಪುಡಿಯನ್ನು ಲೋಟಕ್ಕೆ ಹಾಕಿ, ಅದರ ಮೇಲೆ ಕುದಿಯುವ ನೀರನ್ನು ಸುರಿಯುವುದೇ ಆ ಢಿಕ್ಕಿ. ಸೋಸುವುದಿಲ್ಲ, ಪುಡಿ ತಳ ಸೇರುವವರೆಗೆ ಕಾಯುತ್ತಾರೆ. ಕಣದ ಅಡ್ಡಳತೆ ಅರ್ಧವಾದರೆ ಅದು ಮುಳುಗುವ ವೇಗ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂಬುದು ಸ್ಟೋಕ್ಸನ ನಿಯಮ. ಆದುದರಿಂದ ನುಣ್ಣನೆಯ ಪುಡಿಯ ಕಾಫಿಗೆ ಹೆಚ್ಚು ತಾಳ್ಮೆ ಬೇಕು. ಜೋಗ್ಯಕಾರ್ತದ ತುಗು ರೈಲು ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಉರಿಯುವ ಇದ್ದಿಲಿನ ತುಂಡನ್ನೇ ಕಾಫಿಯಲ್ಲಿ ಮುಳುಗಿಸಿ ಕೊಡುತ್ತಾರೆ. ಆಗ ಏಳುವ ಸದ್ದನ್ನೇ ಹೆಸರಾಗಿಸಿ ಅದನ್ನು 'ಕೊಪಿ ಜೊಸ್' ಎನ್ನುತ್ತಾರೆ.

ಮಣ್ಣಿನ ಹೂಜಿ ಮತ್ತು ದಾರಿಹೋಕ

ಚಹ ಕಾಫಿಗಳಿಗಿಂತ ಬಹಳ ಹಳೆಯದು 'ಕೆಂಡಿ'. ಇದು ಕೊಕ್ಕುಳ್ಳ ಮಣ್ಣಿನ ಹೂಜಿ. ಸಂಸ್ಕೃತದ 'ಕುಂಡಿಕಾ' ಎಂಬುದರಿಂದ ಈ ಹೆಸರು ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಕನ್ನಡಿಗರ ಕಿವಿಗೆ ಇದು 'ಗಿಂಡಿ'ಯನ್ನು ನೆನಪಿಗೆ ತರುತ್ತದೆ. ಆಕಾರವೂ ಹಾಗೆಯೇ ಇದೆ. ಕೊಕ್ಕನ್ನು ತುಟಿಗೆ ತಗುಲಿಸದೆ, ಎತ್ತಿ ಹಿಡಿದು ಬಾಯಿಗೆ ಧಾರೆ ಬಿಟ್ಟುಕೊಳ್ಳುವುದು ಅದರಿಂದ ಕುಡಿಯುವ ರೀತಿ. ಹೀಗೆ ಒಂದೇ ಹೂಜಿಯಿಂದ ಹಲವರು ಕುಡಿಯಬಹುದು. ಹಿಂದೆ ಜಾವಾದ ಹಳ್ಳಿಗಳಲ್ಲಿ ಮನೆಯ ಮುಂದೆ ದಾರಿಹೋಕರಿಗಾಗಿ ನೀರು ತುಂಬಿದ ಹೂಜಿಯನ್ನೋ ದೊಡ್ಡ ಮಡಕೆಯನ್ನೋ ಇರಿಸುವ ರೂಢಿಯಿತ್ತು. ಬೇಸಗೆಯಲ್ಲಿ ಅರವಟಿಗೆ ಇಡುವ ನಮ್ಮ ನಾಡಿನವರಿಗೆ ಇದರ ಆಶಯವನ್ನು ವಿವರಿಸಬೇಕಾದುದಿಲ್ಲ.

ಈ ಹೂಜಿಯ ಮಣ್ಣಿನಲ್ಲಿ ಅತಿಸೂಕ್ಷ್ಮ ರಂಧ್ರಗಳಿರುವುದರಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕೆಲೊರಿಗಳಷ್ಟು ಗುಪ್ತೋಷ್ಣ ಬೇಕು. ಒಂದು ಲೀಟರ್ ನೀರಿರುವ ಹೂಜಿಯಿಂದ 10 ಗ್ರಾಂ ಮಾತ್ರ ಆವಿಯಾಯಿತೆಂದುಕೊಳ್ಳೋಣ. ಅದು ಸೆಳೆದುಕೊಳ್ಳುವ 5800 ಕೆಲೊರಿಗಳು ಒಳಗಿನ ನೀರಿನಿಂದಲೇ ಬಂದರೆ, ಆ ನೀರು ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಆವಿಯಾಗುವುದು ಕಡಿಮೆ. ಗಾಳಿಯ ಉಷ್ಣತೆ 30 ಡಿಗ್ರಿ, ಆರ್ದ್ರತೆ ನೂರಕ್ಕೆ 80 ಇದ್ದಾಗ ನೀರು ಸುಮಾರು 27 ಡಿಗ್ರಿಗಿಂತ ಕೆಳಗೆ ಇಳಿಯದು. ಅದೇ 40 ಡಿಗ್ರಿಯ ಒಣ ಗಾಳಿಯಲ್ಲಿ, ಆರ್ದ್ರತೆ ನೂರಕ್ಕೆ 20 ಇದ್ದಾಗ, ಸುಮಾರು 22 ಡಿಗ್ರಿಯವರೆಗೆ ಇಳಿಯಬಹುದು. ಹೀಗಾಗಿ ಜಾವಾದ ತೇವದ ಕರಾವಳಿಗಿಂತ ನಮ್ಮ ರಾಯಚೂರು, ಬಳ್ಳಾರಿಗಳ ಬೇಸಗೆಯಲ್ಲಿ ಮಣ್ಣಿನ ಮಡಕೆ ಹೆಚ್ಚು ಪರಿಣಾಮಕಾರಿ.

ಜೋಗ್ಯಕಾರ್ತದ ದಕ್ಷಿಣಕ್ಕೆ ಇಮೊಗಿರಿ ಎಂಬ ಗುಡ್ಡವಿದೆ. ಮತರಾಂ ರಾಜ್ಯದ ದೊರೆ ಸುಲ್ತಾನ್ ಅಗುಙ್ ಮತ್ತು ಅವನ ವಂಶದವರ ಸಮಾಧಿಗಳು ಅಲ್ಲಿವೆ. ಅಲ್ಲಿ ನಾಲ್ಕು ದೊಡ್ಡ ನೀರಿನ ಜಾಡಿಗಳುಂಟು. ಒಂದಕ್ಕೆ 'ಞೈ ಸಿಯೆಮ್', ಎಂದರೆ 'ಸಯಾಂ ದೇಶದ ಅಮ್ಮ' ಎಂದು ಹೆಸರು. ಪ್ರತಿವರ್ಷ ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರ ಮಾಸದಲ್ಲಿ ಅವುಗಳನ್ನು ಬರಿದುಮಾಡಿ ಮತ್ತೆ ತುಂಬುತ್ತಾರೆ. ಆ ನೀರಿಗಾಗಿ ಜನ ಮುಗಿಬೀಳುತ್ತಾರೆ. ನಮ್ಮಲ್ಲಿ ದೇವರ ಮುಂದಿಟ್ಟ ನೀರು 'ತೀರ್ಥ'ವಾಗುವಂತೆ ಅಲ್ಲಿಯೂ ಪವಿತ್ರವಾದ ನೀರಿಗೆ 'ತಿರ್ತ' ಎಂಬ ಹೆಸರುಂಟು.

ಇದೇ ಇಮೊಗಿರಿಯ ಇನ್ನೊಂದು ಕೊಡುಗೆ 'ವೇದಙ್ ಉವುಹ್'. 'ಉವುಹ್' ಎಂದರೆ ಕಸ! ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮರಗಳ ಒಣ ಎಲೆಗಳು, ಶುಂಠಿ, 'ಸೆಚಙ್' ಎಂಬ ಪತಂಗದ ಚಕ್ಕೆಗಳು ಲೋಟದಲ್ಲಿ ಗುಡಿಸಿಟ್ಟ ತರಗೆಲೆಗಳಂತೆ ತೇಲುವುದರಿಂದ ಈ ಹೆಸರು. ಪತಂಗದ ಚಕ್ಕೆ ನೀರಿಗೆ ಕೆಂಪು ಬಣ್ಣ ಕೊಡುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಬಣ್ಣ ಹಳದಿಯತ್ತ ತಿರುಗುತ್ತದೆ. ಲಿಟ್ಮಸ್ ಕಾಗದವಿಲ್ಲದೆಯೇ ಆಮ್ಲವನ್ನು ಪತ್ತೆಹಚ್ಚುವ ಈ ಪ್ರಯೋಗವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದು.

ಸಿಹಿರಸದಿಂದ ಅಮಲಿನವರೆಗೆ

ಪೂರ್ವ ಜಾವಾದ ತುಬನ್ ಪ್ರದೇಶದಲ್ಲಿ ತಾಳೆಮರಗಳು ಹೇರಳ. ಹೊಂಬಾಳೆಯನ್ನು ಕೊಯ್ದು ಇಳಿಸಿದ ಹೊಸ ರಸಕ್ಕೆ 'ಲೆಗೆನ್' ಎನ್ನುತ್ತಾರೆ. 'ಲೆಗಿ', ಎಂದರೆ ಸಿಹಿ, ಎಂಬುದರಿಂದ ಹುಟ್ಟಿದ ಶಬ್ದವಿದು. ಗಾಳಿಯಲ್ಲಿರುವ ಕಿಣ್ವಜೀವಿಗಳು ಸೇರಿ ರಸವು ಕೆಲವೇ ಗಂಟೆಗಳಲ್ಲಿ ಹುದುಗತೊಡಗುತ್ತದೆ. ಸಕ್ಕರೆಯು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. ಆಗ ಅದರ ಹೆಸರು 'ತುವಾಕ್'. ನಮ್ಮಲ್ಲಿ ನೀರಾ ಮತ್ತು ಹೆಂಡಗಳಿಗಿರುವ ವ್ಯತ್ಯಾಸವೇ ಇದು. ಬರೆಯುವ ತಾಳೆಗರಿಗೆ ಅಲ್ಲಿ 'ಲೊಂತರ್' ಎಂದು ಹೆಸರು. 'ರೊನ್' ಎಂದರೆ ಎಲೆ, 'ತಲ್' ಎಂದರೆ ತಾಳೆ. ಎರಡೂ ಸೇರಿದ 'ರೊನ್‌ತಲ್' ಎಂಬುದು ಬಾಯಲ್ಲಿ ತಿರುಗುಮುರುಗಾಗಿ ಲೊಂತರ್ ಆಯಿತು. ಒಂದೇ ಮರ ವಿದ್ಯೆಗೂ ಒದಗಿತು, ಅಮಲಿಗೂ ಒದಗಿತು.

ಕಬ್ಬಿನ ಕಾಕಂಬಿಯಿಂದ ಭಟ್ಟಿಯಿಳಿಸಿದ 'ಚಿಯು' ಎಂಬ ಮದ್ಯವೂ ಸುರಕರ್ತದ ಬಳಿ ತಯಾರಾಗುತ್ತದೆ, ಹೆಸರು ಚೀನದ್ದು. ಆದರೆ ಜಾವಾದ ಜನರಲ್ಲಿ ಬಹುಸಂಖ್ಯಾತರು ಮುಸಲ್ಮಾನರು. ಅಲ್ಲಿಯ ನೀತಿಬೋಧೆಯಲ್ಲಿ 'ಮ-ಲಿಮ', ಎಂದರೆ 'ಐದು ಮಕಾರಗಳು', ಪ್ರಸಿದ್ಧವಾಗಿವೆ. ಜೂಜು, ಅಫೀಮು, ಕುಡಿತ, ಕಳವು, ವ್ಯಭಿಚಾರ, ಈ ಐದರ ಹೆಸರುಗಳೂ ಅವರ ಭಾಷೆಯಲ್ಲಿ ಮಕಾರದಿಂದ ಮೊದಲಾಗುತ್ತವೆ, ಐದೂ ವರ್ಜ್ಯ.

ಶುಭಕಾರ್ಯಗಳಲ್ಲಿ ಸಲ್ಲುವುದು ಬೇರೆಯೇ ಪಾನೀಯ. ತೆಂಗಿನ ಹಾಲು, ತಾಳೆಯ ಅಥವಾ ತೆಂಗಿನ ಬೆಲ್ಲ, ಅಕ್ಕಿಹಿಟ್ಟಿನ ಹಸಿರು ಶಾವಿಗೆಯಂತಹ ತುಣುಕುಗಳು ಸೇರಿದ 'ದವೆತ್' ಎಲ್ಲರಿಗೂ ಪ್ರಿಯವಾದುದು. ಮದುವೆಯ ಮುನ್ನಾದಿನ, ವಧುವಿನ ಮಂಗಳಸ್ನಾನದ ಬಳಿಕ, ವಧುವಿನ ತಾಯಿ ದವೆತ್ ಮಾರಲು ಕೂರುತ್ತಾಳೆ. ತಂದೆ ಅವಳಿಗೆ ಕೊಡೆ ಹಿಡಿಯುತ್ತಾನೆ. ಬಂಧುಗಳು ಹಣದ ಬದಲು 'ಕ್ರೆವೆಙ್', ಎಂದರೆ ಮಡಕೆಯ ಬೋಕಿಗಳನ್ನು ಕೊಟ್ಟು ಕೊಳ್ಳುತ್ತಾರೆ. ಬಟ್ಟಲಿನಲ್ಲಿ ತುಣುಕುಗಳು ತುಂಬಿರುವಂತೆ ಮದುವೆಮನೆ ಅತಿಥಿಗಳಿಂದ ತುಂಬಲಿ ಎಂಬುದು ಹಾರೈಕೆ. 1890ರಿಂದ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಕೂಲಿಗಳಾಗಿ ಹೋದ ಜಾವಾದವರು ಈ ಪಾನೀಯವನ್ನೂ ಅದರ ಹೆಸರನ್ನೂ ಜೊತೆಗೆ ಒಯ್ದರು. ಇಂದಿಗೂ ಅಲ್ಲಿ ದವೆತ್ ದೊರೆಯುತ್ತದೆ.

ಔಷಧದ ಪಾನೀಯಕ್ಕೆ 'ಜಾಮು' ಎಂದು ಹೆಸರು; ವಿನಯದಲ್ಲಿ 'ಜಂಪಿ'. ಅರಿಸಿನ ಹುಣಿಸೆಗಳ 'ಕುನಿರ್ ಅಸೆಮ್', ಅಕ್ಕಿ ಮತ್ತು ಕಚೋರದ ಗೆಡ್ಡೆಯ 'ಬೆರಸ್ ಕೆಂಚುರ್' ಮುಂತಾದುವನ್ನು ಬಾಟಲಿಗಳಲ್ಲಿ ತುಂಬಿ, ಬುಟ್ಟಿಯಲ್ಲಿಟ್ಟು, ಸೆರಗಿನಂತಹ ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡು ಹೆಂಗಸರು ಬೀದಿಬೀದಿಗೆ ಮಾರುತ್ತ ಬರುವುದುಂಟು. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಜಾಮು ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಟ್ಟಿಯಲ್ಲಿ ಸೇರದುದು

ಪಾನೀಯವನ್ನು ಪಟ್ಟಿಗೆ ಸೇರಿಸಬಹುದು. ಅದನ್ನು ನೀಡುವಾಗ ಆಡುವ ಮಾತನ್ನು ಪಟ್ಟಿಯಿಂದ ಉಳಿಸುವುದು ಕಷ್ಟ. ಇಂಡೊನೇಷಿಯನ್ ಭಾಷೆಯಲ್ಲಿ ನೀರಿಗೆ ಒಂದೇ ಹೆಸರು, ಕುಡಿಯುವುದಕ್ಕೆ 'ಮಿನುಮ್' ಎಂಬ ಒಂದೇ ಕ್ರಿಯಾಪದ. ಶಾಲೆ, ಕಚೇರಿ, ದೂರದರ್ಶನಗಳಲ್ಲಿ ಆ ಭಾಷೆಯೇ ಮೊಳಗುತ್ತದೆ. ಜಾವಾದ ತರುಣರು ಗೆಳೆಯರೊಡನೆ ಙೊಕೊ ಆಡುತ್ತಾರೆ. ಹಿರಿಯರ ಎದುರು ಕ್ರಮದಲ್ಲಿ ತಪ್ಪಾದೀತೆಂದು ಅಳುಕಿ ಅನೇಕರು ಇಂಡೊನೇಷಿಯನ್ ಭಾಷೆಗೆ ಸರಿಯುತ್ತಾರೆ. ಹೀಗೆ 'ಬಞು' ಉಳಿದರೂ 'ತೊಯ' ಹಿಂದೆ ಸರಿಯುತ್ತಿದೆ.

ಇದರಲ್ಲಿ ದುಃಖಿಸಬೇಕಾದುದೇನು ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದೇ. ಮಾತಿನ ಅಂತಸ್ತುಗಳ ಹಿಂದೆ ಸಮಾಜದ ಅಂತಸ್ತುಗಳೂ ಇದ್ದವು. ಅಧಿಕಾರಿಯು ಙೊಕೊದಲ್ಲಿ ಗದರಿದರೆ, ಬಡ ರೈತನು ಕ್ರಮದಲ್ಲಿ ಉತ್ತರಿಸಬೇಕಾಗಿತ್ತು. ಇದನ್ನು ಪ್ರತಿಭಟಿಸಿ 1917ರಲ್ಲಿ ಸುರಬಾಯ ನಗರದಲ್ಲಿ 'ಜಾವ ದಿಪ' ಎಂಬ ಚಳವಳಿ ಹುಟ್ಟಿತು. ಎಲ್ಲರೂ ಎಲ್ಲರೊಡನೆ ಙೊಕೊ ಒಂದನ್ನೇ ಆಡಬೇಕೆಂದು ಅದು ಸಾರಿತು. ಆ ಬೇಡಿಕೆಯನ್ನು ಮುಂದಿಟ್ಟವರೂ ಜಾವಾದವರೇ ಎಂಬುದನ್ನು ಮರೆಯಬಾರದು.

ಆದರೂ ಅದೇ ಪದ್ಧತಿಯಲ್ಲಿ ಅಧಿಕಾರಕ್ಕೆ ಸಂಬಂಧಿಸದ ಒಂದು ಅಂಶವಿದೆ. 'ಙುಂಜುಕ್' ಎಂಬ ಶಬ್ದವನ್ನು ಯಾರೂ ತಮಗೆ ತಾವೇ ಕೊಟ್ಟುಕೊಳ್ಳಲಾರರು. ಅದು ಸದಾ ಇನ್ನೊಬ್ಬರಿಗೆ ಕೊಡಬೇಕಾದ ಶಬ್ದ. ಜಾವಾದ ಶಾಲೆಗಳಲ್ಲಿ ಜಾವಾ ಭಾಷೆಯನ್ನು ಒಂದು ಪಾಠವಾಗಿ ಕಲಿಸುತ್ತಾರೆ. ಙೊಕೊ ಒಂದು ಸಾಲಿನಲ್ಲಿ, ಕ್ರಮ ಇನ್ನೊಂದು ಸಾಲಿನಲ್ಲಿ ಅಚ್ಚಾಗಿರುವ ಪಟ್ಟಿಗಳನ್ನು ಮಕ್ಕಳು ಉರುಹೊಡೆಯುತ್ತಾರೆ. ಆದರೆ ಯಾವ ಶಬ್ದ ಯಾರಿಗೆ ಸಲ್ಲಬೇಕೆಂಬ ವಿವೇಕವು ಪಟ್ಟಿಯಿಂದ ಬರತಕ್ಕದ್ದಲ್ಲ. ಅದು ಮನೆಯಲ್ಲಿ ಚಹ ತರುವಾಗ, ತಾಯಿ ಅಜ್ಜಿಗೆ ಏನೆಂದಳು, ತನಗೆ ಏನೆಂದಳು ಎಂಬುದನ್ನು ಕೇಳಿ ಮಗು ಅರಿಯುವ ವಿದ್ಯೆ.

ರಸಾಯನವಿಜ್ಞಾನಿಗೆ ಬಞು ಮತ್ತು ತೊಯ ಎರಡೂ ಜಲಜನಕದ ಎರಡು ಪರಮಾಣುಗಳು, ಆಮ್ಲಜನಕದ ಒಂದು ಪರಮಾಣು. ಪ್ರಯೋಗಶಾಲೆಯಲ್ಲಿ ಇವುಗಳಿಗೆ ಭೇದವಿಲ್ಲ. ಭೇದವಿರುವುದು ಲೋಟವನ್ನು ನೀಡುವ ಕೈ ಮತ್ತು ಅದನ್ನು ಪಡೆಯುವ ಕೈಗಳ ನಡುವೆ. ಜಾವಾ ಭಾಷೆಯನ್ನು ಕಲಿಯಬಯಸುವ ನಮ್ಮ ತರುಣರು ಮೊದಲು ವಿನಯದ ನುಡಿಯನ್ನೇ ಕಲಿಯಲಿ. ಅಪರಿಚಿತರ ಮನೆಯಲ್ಲಿ 'ತೊಯ' ಎಂದು ಕೇಳಿದವನಿಗೆ ನೀರಿನ ಜೊತೆಗೆ ಒಂದು ಮುಗುಳ್ನಗೆಯೂ ಸಿಗುವುದರಲ್ಲಿ ಸಂದೇಹವಿಲ್ಲ.